ಅಡಿಕೆ ಸುಲಿಯುವ ಚಪ್ಪರದಲ್ಲಿ ಊರಿನ ಸರ್ವೆ: ನನ್ನ ಅನುಭವ

ಊರಿನವರಿಗೆ ಏನು ಬೇಕು ಎಂದು ತಿಳಿಯಲು ನಾವು ಮಾಡಿದ ಸರ್ವೆ ಕೊನೆಗೂ ಪಂಚಾಯ್ತಿಯ ಕ್ರಿಯಾ ಯೋಜನೆಯೊಳಗೆ ಹೋಗಿ ಕೂತಿದೆ. "ಜನ ಬಾಯಿ ಬಿಡಲ್ಲ ಮಾರಾಯ, ಬಿಟ್ಟರೂ ರಸ್ತೆ, ಚರಂಡಿ ಅಂತಾರೆ, ಅದಕ್ಕೆ ಸರ್ವೆ ಬೇರೆ ಬೇಕಾ" ಎಂದು ನಕ್ಕಿದ್ದವರೇ ಈಗ ಹೇಗೆ ಮಾಡಿದ್ರಿ ಹೇಳಿ ಎನ್ನುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ವಾರ್ಡ್ ಸಭೆ, ಗ್ರಾಮ ಸಭೆ ಹೇಗೆ ನಡೆಯುತ್ತದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಮಾತಾಡುವವರು ಯಾವಾಗಲೂ ಅದೇ ಎಂಟ್ಹತ್ತು ಜನ.

ನಮ್ಮದು ಶಿವಮೊಗ್ಗ ಜಿಲ್ಲೆಯ ಮಲೆನಾಡು ಭಾಗ. 600 ಚಿಲ್ಲರೆ ಮನೆ. ಲೆಕ್ಕಕ್ಕೆ ಕಮ್ಮಿ ಅನ್ನಿಸುತ್ತದೆ, ಆದರೆ ಒಂದು ಮನೆಯಿಂದ ಇನ್ನೊಂದಕ್ಕೆ ಹೋಗಬೇಕಾದರೆ ಗುಡ್ಡ ಹತ್ತಿ ಹಳ್ಳ ದಾಟಬೇಕು. ಇಡೀ ದಿನ ಬೈಕ್ ಓಡಿಸಿದರೂ ಹದಿನೈದು ಮನೆ ಮುಗಿದರೆ ಪುಣ್ಯ.

ಮೊದಲು ಗೂಗಲ್ ಫಾರಂ ಮಾಡಿ ಊರಿನ ವಾಟ್ಸಾಪ್ ಗ್ರೂಪಿಗೆ ಬಿಟ್ಟೆವು. ಎಪ್ಪತ್ತೋ ಎಂಬತ್ತೋ ಉತ್ತರ ಬಂದವು. ಮುಕ್ಕಾಲು ಪಾಲು ಬೆಂಗಳೂರಿನಲ್ಲಿ ಕೂತ ನಮ್ಮೂರ ಹುಡುಗರದ್ದು. ಅವರಿಗೆ ಬೇಕಾದದ್ದು ಮೊಬೈಲ್ ಟವರ್, ಹಬ್ಬಕ್ಕೆ ಬಂದಾಗ ಆಡಲು ಕ್ರಿಕೆಟ್ ಮೈದಾನ. ತಪ್ಪೇನಿಲ್ಲ, ಆದರೆ ಊರಲ್ಲಿ ಇರುವವರ ದನಿ ಅದರಲ್ಲಿ ಇರಲಿಲ್ಲ. ದುಡ್ಡಂತೂ ಖರ್ಚಾಗಲಿಲ್ಲ.

ಆಮೇಲೆ ದುಡ್ಡು ಖರ್ಚಾಯಿತು. ಒಂದು ಸಂಸ್ಥೆಯವರು ಕೊಟ್ಟ ಮಾದರಿ ಫಾರಂ, ನಾಲ್ಕು ಪುಟ, ನಲವತ್ತಕ್ಕಿಂತ ಜಾಸ್ತಿ ಪ್ರಶ್ನೆ. ಜೆರಾಕ್ಸಿಗೇ ನಾಲ್ಕು ಸಾವಿರದ ಹತ್ತಿರ ಹೋಯಿತು. ಪಿಯುಸಿ ಮುಗಿಸಿ ಮನೆಯಲ್ಲಿದ್ದ ಇಬ್ಬರು ಹುಡುಗಿಯರಿಗೆ ದಿನಕ್ಕೆ 300 ರೂಪಾಯಿ ಕೊಟ್ಟು ಕಳಿಸಿದೆವು. ಆ ಫಾರಂನಲ್ಲಿ ರೇಷನ್ ಕಾರ್ಡ್ ನಂಬರಿಗೆ ಒಂದು ಕಾಲಂ ಇತ್ತು. ಮುಗಿಯಿತು ಕಥೆ! ಎರಡೇ ದಿನದಲ್ಲಿ ಬಿಪಿಎಲ್ ಕಾರ್ಡ್ ರದ್ದು ಮಾಡಲು ಬಂದಿದ್ದಾರೆ, ಗೃಹಲಕ್ಷ್ಮಿಯ 2000 ನಿಲ್ಲುತ್ತದೆ ಎಂದು ಸುದ್ದಿ ಹಬ್ಬಿತು. ನಾಲ್ಕೆಕರೆ ತೋಟ ಇರುವವರೂ ಉದ್ಯೋಗ ಕೂಲಿ ಎಂದು ಬರೆಸಿದರು. ಒಬ್ಬರ ಅಂಗಳದಲ್ಲಿ ಕಾರು ನಿಂತಿತ್ತು. ಹುಡುಗಿ ಅದರ ಕಡೆ ನೋಡಿದ್ದಷ್ಟೇ, "ಅದು ಭಾವಂದು, ಸುಮ್ನೆ ನಿಲ್ಲಿಸಿ ಹೋಗಿದಾರೆ" ಎಂದರಂತೆ. ಇನ್ನು ವಾರ್ಡಿನ ಸದಸ್ಯರು ಜೊತೆಗೆ ಬಂದ ಮನೆಗಳಲ್ಲಿ ಎಲ್ಲವೂ ಚೆನ್ನಾಗಿತ್ತು, ಯಾರಿಗೂ ಏನೂ ತೊಂದರೆಯೇ ಇರಲಿಲ್ಲ.

ಅಷ್ಟರಲ್ಲಿ ಅಡಿಕೆ ಕೊಯ್ಲು ಶುರುವಾಯಿತು. ಹಗಲು ಮನೆಯಲ್ಲಿ ಯಾರೂ ಸಿಗುವುದಿಲ್ಲ. ಸರ್ವೆ ಬಿಟ್ಟುಬಿಡೋಣ ಎಂದು ಜೊತೆಯವರು ಹೇಳಿದರು. ನನಗೆ ಹೊಳೆದದ್ದು ಅಲ್ಲೇ. ಸಂಜೆಯಾದರೆ ಒಂದೊಂದು ಚಪ್ಪರದಲ್ಲಿ ಹತ್ತಿಪ್ಪತ್ತು ಜನ ಮೆಟ್ಟುಗತ್ತಿ ಮುಂದೆ ಕೂತು ರಾತ್ರಿ ಹತ್ತು ಹನ್ನೊಂದರವರೆಗೆ ಅಡಿಕೆ ಸುಲಿಯುತ್ತಾರೆ. ಸುಲಿದಷ್ಟು ಡಬ್ಬದ ಲೆಕ್ಕದಲ್ಲಿ ಕೂಲಿ, ಹಾಗಾಗಿ ಕೈ ನಿಲ್ಲುವುದಿಲ್ಲ. ಆದರೆ ಬಾಯಿಗೆ ಬಿಡುವು. ಪಂಚಾಯ್ತಿ ಯೋಜನೆ ತಯಾರಾಗುವುದೂ ಹೆಚ್ಚುಕಮ್ಮಿ ಅದೇ ಅಕ್ಟೋಬರ್‌ನಿಂದ ಜನವರಿ ನಡುವೆ ಅಲ್ವಾ? ಇಷ್ಟು ವರ್ಷ ಇದು ಯಾರಿಗೂ ಹೊಳೆದಿರಲಿಲ್ಲ ಎನ್ನುವುದೇ ನನಗೆ ಆಶ್ಚರ್ಯ. ಈಗ ಕೆಲವು ಕಡೆ ಸುಲಿಯುವ ಯಂತ್ರ ಬಂದಿದೆ, ಅಲ್ಲಿ ಸದ್ದಿನಲ್ಲಿ ಮಾತೇ ಕೇಳುವುದಿಲ್ಲ. ಯಂತ್ರದ ಮನೆಗಳನ್ನು ಬಿಟ್ಟೆವು.

ಫಾರಂ ಬದಿಗಿಟ್ಟೆ. ಹೆಸರಿಲ್ಲ, ಕಾರ್ಡ್ ನಂಬರಿಲ್ಲ, ಪೆನ್ನೂ ಹೊರಗೆ ತೆಗೆಯುವಂತಿಲ್ಲ. "ನಿಮಗೆ ಏನು ಬೇಕು" ಎಂದು ಕೇಳುವುದನ್ನೂ ಬಿಟ್ಟೆ. ಹಾಗೆ ಕೇಳಿದರೆ ಕಾಂಕ್ರೀಟ್ ರಸ್ತೆ ಎನ್ನುತ್ತಾರೆ. ರಸ್ತೆ ಬೇಕೇ ಬೇಕು ಅಂತಲ್ಲ, ಪಂಚಾಯ್ತಿಯಿಂದ ಸಿಗುವುದು ಅದೊಂದೇ ಎಂದು ಅವರಿಗೆ ಅಭ್ಯಾಸವಾಗಿದೆ. ನಾನು ಕೇಳಿದ್ದು ಖರ್ಚು. ಹೋದ ತಿಂಗಳು ಆಟೋಗೆ ಎಷ್ಟು ಕೊಟ್ರಿ? ಯಾಕೆ ಹೋಗಿದ್ರಿ? ಮೋಟಾರ್ ಕೆಟ್ಟಾಗ ನೀರು ಎಲ್ಲಿಂದ ತಂದ್ರಿ, ಯಾರು ತಂದರು?

ಬಾಯಿ ಬಿಟ್ಟರು ನೋಡಿ. ಒಬ್ಬ ಅಜ್ಜಿ ಬಿಪಿ ಮಾತ್ರೆ ತರಲು ತಿಂಗಳಿಗೊಮ್ಮೆ ಪೇಟೆಗೆ ಹೋಗುತ್ತಾರೆ. ಮಾತ್ರೆ ಸರ್ಕಾರಿ ಆಸ್ಪತ್ರೆಯದ್ದು, ಪುಕ್ಕಟೆ. ಆಟೋಗೆ ಹೋಗಿ ಬರಲು 400. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂತು, ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ, ಸರಿ. ನಮ್ಮ ಕಡೆ ಓಡುವುದೆಲ್ಲ ಖಾಸಗಿ ಬಸ್ಸು, ಅದರಲ್ಲಿ ಟಿಕೆಟ್ ತೆಗೆದುಕೊಳ್ಳಲೇಬೇಕು. ಬೆಳಗಿನ ಬಸ್ಸು ಕಾಲೇಜು ಮಕ್ಕಳಿಗೆ ತಡ, ಸಂಜೆಯ ಬಸ್ಸು ಕೂಲಿಯವರಿಗೆ ಬೇಗ. ಈ ಮಾತು ಯಾವ ಗ್ರಾಮ ಸಭೆಯ ನಡಾವಳಿಯಲ್ಲೂ ನಾನು ಓದಿಲ್ಲ.

ಮಾತು ಮುಗಿದ ಮೇಲೆ ಮತ. ಆರು ಖಾಲಿ ಡಬ್ಬಿ, ಒಂದೊಂದರ ಮೇಲೆ ಒಂದು ಚಿತ್ರ: ರಸ್ತೆ, ನೀರು, ಬಸ್ಸು, ಆಸ್ಪತ್ರೆ, ಬೀದಿ ದೀಪ, ಕಾಲುಸಂಕ (ಹಳ್ಳ ದಾಟುವ ಸಣ್ಣ ಸೇತುವೆ). ಏನೂ ಬರೆಯದ ಏಳನೆಯದು "ಬೇರೆ". ಒಬ್ಬೊಬ್ಬರಿಗೆ ಹತ್ತು ಬೀಜ, ಹೇಗೆ ಬೇಕಾದರೂ ಹಂಚಬಹುದು. ಮೊದಲ ದಿನ ಕೈಗೆ ಸಿಕ್ಕಿದ ಅಡಿಕೆಯನ್ನೇ ಕೊಟ್ಟಿದ್ದೆ, ಅಡಿಕೆಯ ಯಜಮಾನರಿಗೆ ಲೆಕ್ಕ ತಪ್ಪಿ ಸಿಟ್ಟು ಬಂತು. ಆಮೇಲೆ ಹೆಂಗಸರಿಗೆ ಹುಣಸೆ ಬೀಜ, ಗಂಡಸರಿಗೆ ಅವರೆ ಕಾಳು. ಎಣಿಸುವಾಗ ತಾನಾಗಿಯೇ ಬೇರೆಯಾಗುತ್ತದೆ. ಇನ್ನೊಂದು ಮುಖ್ಯ ವಿಷಯ, ಡಬ್ಬಿಯ ಬಾಯಿ ಮುಚ್ಚಿ ಸಣ್ಣ ಕಂಡಿ ಮಾತ್ರ ಬಿಡಿ. ಬಾಯಿ ತೆರೆದಿದ್ದಾಗ ಮನೆ ಯಜಮಾನಿ ಎಲ್ಲಿ ಹಾಕಿದರೋ ಎಲ್ಲರೂ ಅಲ್ಲೇ ಹಾಕಿದರು. ಯಜಮಾನರನ್ನು ಆ ಹೊತ್ತಿಗೆ ಚಪ್ಪರದಿಂದ ಆಚೆ ಹೇಗೆ ಕಳಿಸಬೇಕು ಎನ್ನುವುದಕ್ಕೆ ನನ್ನದೊಂದು ಉಪಾಯ ಇದೆ. ಅದನ್ನು ಇಲ್ಲಿ ಬರೆದರೆ ಮುಂದಿನ ಸಲ ನಡೆಯುವುದಿಲ್ಲ.

ಅಂದಾಜು 430 ಮನೆಯವರು ಸಿಕ್ಕರು. ಗಂಡಸರ ಕಾಳು ರಸ್ತೆಗೇ ಜಾಸ್ತಿ. ಹೆಂಗಸರ ಬೀಜ ಬಸ್ಸಿಗೆ, ನೀರಿಗೆ. ರಸ್ತೆ ಅವರಲ್ಲಿ ನಾಲ್ಕನೆಯದೋ ಐದನೆಯದೋ. ನೀರಿನ ವಿಷಯದಲ್ಲೂ ನಲ್ಲಿ ಇಲ್ಲ ಎನ್ನುವ ದೂರಲ್ಲ. ಜಲಜೀವನ ಮಿಷನ್ ಯೋಜನೆಯ ನಲ್ಲಿ ಬಹಳ ಮನೆಗೆ ಬಂದಿದೆ, ನೀರು ಬಿಡುವುದು ಮಾತ್ರ ಎಲ್ಲರೂ ತೋಟಕ್ಕೆ ಹೋದ ಮೇಲೆ. ನೀರು ಬಿಡುವ ನೀರುಗಂಟಿಯ ಹತ್ತಿರ ಮಾತಾಡಿ ಸಮಯ ಬದಲಾಯಿಸಿದ್ದಕ್ಕೆ ಒಂದು ಪೈಸೆಯೂ ಬೇಕಾಗಲಿಲ್ಲ. ಏಳನೇ ಡಬ್ಬಿಯಲ್ಲಿ ಬಿದ್ದದ್ದೆಲ್ಲ ಮಂಗನ ಕಾಟ. ಅದಕ್ಕೆ ನನ್ನ ಹತ್ತಿರವೂ ಉತ್ತರ ಇಲ್ಲ.

ನಡುವೆ ಒಂದು ಪ್ರಯೋಗ ಮಾಡಿದೆ. ಉಳಿದಿದ್ದ ಫಾರಂಗಳ ಹಿಂದಿನ ಖಾಲಿ ಪುಟವನ್ನು ಶಾಲೆಯ ಆರು, ಏಳನೇ ಕ್ಲಾಸಿನ ಮಕ್ಕಳಿಗೆ ಕೊಟ್ಟು, ಮನೆಗೆ ಹೋಗುವ ದಾರಿಯ ಚಿತ್ರ ಬರೆಯಿರಿ, ಹೆದರಿಕೆ ಆಗುವ ಜಾಗಕ್ಕೆ ಕೆಂಪು ಹಾಕಿ ಎಂದೆ. ಒಂದೇ ಕಾಲುಸಂಕಕ್ಕೆ ಹನ್ನೆರಡು ಹದಿಮೂರು ಮಕ್ಕಳು ಕೆಂಪು ಹಾಕಿದ್ದರು. ಅಡಿಕೆ ಮರದ ದಬ್ಬೆ ಹಾಸಿದ್ದು, ಮಳೆಗಾಲದಲ್ಲಿ ಪಾಚಿ. ಒಬ್ಬಳು ಕೈ ಹಿಡಿಯುವ ಹಗ್ಗ ಎಲ್ಲಿ ತುಂಡಾಗಿದೆ ಎಂದೂ ಬರೆದಿದ್ದಳು. ಇನ್ನೊಂದು ಕೆಂಪು, ಕದ್ದು ಸಾರಾಯಿ ಮಾರುವ ಗೂಡಂಗಡಿಗೆ. ದೊಡ್ಡವರು ಒಬ್ಬರೂ ಅದರ ಸುದ್ದಿ ಎತ್ತಿರಲಿಲ್ಲ. ಆ ಚಿತ್ರಗಳನ್ನು ಮಕ್ಕಳ ಗ್ರಾಮಸಭೆಯ ಗೋಡೆಗೆ ಅಂಟಿಸಿದೆವು, ಮಕ್ಕಳ ಹೆಸರು ಕತ್ತರಿಸಿ.

ದುಡ್ಡಿನ ಲೆಕ್ಕ ಹೇಳಿಬಿಡುತ್ತೇನೆ. ದಂಡವಾದ ಜೆರಾಕ್ಸ್, ಹುಡುಗಿಯರ ಕೂಲಿ, ಪೆಟ್ರೋಲು, ಚಪ್ಪರಕ್ಕೆ ಒಯ್ದ ಬಿಸ್ಕೆಟ್ಟು ಎಲ್ಲ ಸೇರಿ ಹದಿನಾಲ್ಕು ಸಾವಿರದ ಆಸುಪಾಸು. ಅದರಲ್ಲಿ ಸರಿಯಾಗಿ ನಡೆದ ಕೆಲಸಕ್ಕೆ ಹೋದದ್ದು ಐದು ಸಾವಿರವೂ ಇಲ್ಲ. ಕೈಯಿಂದಲೇ ಹಾಕಿದ್ದು, ಪಂಚಾಯ್ತಿಯ ದುಡ್ಡು ಮುಟ್ಟಿಲ್ಲ. ಮುಟ್ಟಿದ್ದರೆ ಬಿಲ್ಲು ಕೇಳುತ್ತಿದ್ದರು.

ಪಟ್ಟಿಯನ್ನು ಹಾಗೇ ಒಯ್ದು ಮೇಜಿನ ಮೇಲೆ ಇಟ್ಟರೆ ಯಾರೂ ನೋಡುವುದಿಲ್ಲ. ಆಗ ಕೇಂದ್ರದಿಂದ ಪಂಚಾಯ್ತಿಗೆ ಬರುತ್ತಿದ್ದ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ನೂರಕ್ಕೆ 60 ನೀರು, ನೈರ್ಮಲ್ಯಕ್ಕೇ ಕಟ್ಟಿ ಹಾಕಿತ್ತು, ಉಳಿದ 40ರಲ್ಲೇ ನಮ್ಮ ಆಟ ಇತ್ತು. ಹಾಗಾಗಿ ಮೂರು ಹಾಳೆ ಮಾಡಿದೆ: ಖರ್ಚಿಲ್ಲದೆ ಆಗುವುದು, ಆ 40ರಲ್ಲಿ ಆಗುವುದು, ಬೇರೆ ಇಲಾಖೆಗೆ ಪತ್ರ ಬರೆಯುವುದು. ಮೂರನೆಯ ಹಾಳೆ ಉದ್ದ, ಮೊದಲನೆಯದನ್ನೇ ಮೇಲೆ ಇಟ್ಟೆ. ಅಧಿಕಾರಿಗಳು ಓದಿದ್ದು ಅದನ್ನೇ. ಕಾಲುಸಂಕಕ್ಕೆ ಹಣ ಇಟ್ಟಿದ್ದಾರೆ, ಕೂಲಿ ಕೇರಿಯ ಏಳೆಂಟು ಕಂಬಕ್ಕೆ ದೀಪ ಬಂತು. ಬಸ್ಸಿನ ಪತ್ರಕ್ಕೆ ಆಟೋ ಖರ್ಚಿನ ಲೆಕ್ಕ ಲಗತ್ತಿಸಿದ್ದೇವೆ, ಸಮಯ ಬದಲಾಯಿಸಲು ಖಾಸಗಿ ಬಸ್ಸಿನ ಮಾಲೀಕರು ಅರ್ಧ ಒಪ್ಪಿದ್ದಾರೆ. ಗೂಡಂಗಡಿ ಒಂದು ತಿಂಗಳು ಮುಚ್ಚಿತ್ತು, ಮತ್ತೆ ತೆಗೆದಿದೆ.

ಈ ವರ್ಷ ಅಡಿಕೆ ಇಲ್ಲದ ಮನೆಗಳಿಗೆ ಬೇರೆ ದಾರಿ ಹುಡುಕಬೇಕು. ಹೋದ ಸಲ ತಪ್ಪಿಹೋದ 170 ಮನೆಗಳಲ್ಲಿ ಅಂಥವೇ ಜಾಸ್ತಿ. ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ ಡಬ್ಬಿ ಇಡೋಣ ಎಂದು ಒಬ್ಬರು ಹೇಳುತ್ತಿದ್ದಾರೆ. ನನಗೆ ಒಪ್ಪಿಗೆ ಇಲ್ಲ, ಅಲ್ಲಿ ಎಲ್ಲರ ಕೈಯಲ್ಲೂ ಮತ್ತೆ ಅದೇ ಕಾರ್ಡ್.