ಎಲುಬು ಫ್ರೀಜರಲ್ಲಿ, ದಾನಿ ಬಿ.ಸಿ. ರೋಡಲ್ಲಿ: ನನ್ನ ಅನುಭವ

ನಾನು ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಬೋನ್ ಬ್ಯಾಂಕ್ ನೋಡ್ಕೊಳ್ಳುವವಳು. ಬೋನ್ ಬ್ಯಾಂಕ್ ಅಂದ ಕೂಡ್ಲೆ ಜನ ಸತ್ತವರ ಎಲುಬು ಅಂತ ತಿಳ್ಕೊಳ್ತಾರೆ, ನಮ್ಮಲ್ಲಿಗೆ ಬರುವುದು ಹೆಚ್ಚಾಗಿ ಬದುಕಿರುವವರದ್ದೇ ಮಾರಾಯ್ರೆ. ಮಳೆಗಾಲದಲ್ಲಿ ಅಂಗಳದ ಪಾಚಿಗೆ ಜಾರಿ ಸೊಂಟ ಮುರ್ಕೊಂಡು ಬರುವ ಅಜ್ಜ ಅಜ್ಜಿಯಂದಿರು ಇದ್ದಾರಲ್ಲ, ಅವರಿಗೆ ಬಾಲ್ ಬದಲಾಯಿಸುವಾಗ ತೊಡೆ ಎಲುಬಿನ ತುದಿಯ ಉಂಡೆ ಹೊರಗೆ ಬರ್ತದೆ, ಮೊದಲೆಲ್ಲ ಅದು ಸೀದಾ ಆಸ್ಪತ್ರೆ ಕಸದ ಹಳದಿ ಚೀಲಕ್ಕೆ. ಅದನ್ನೇ ಮೈನಸ್ 80 ಡಿಗ್ರಿಯಲ್ಲಿ ಇಟ್ರೆ, ಹಿಂದೆ ಹಾಕಿದ ಕೃತಕ ಕೀಲು (ಇಂಪ್ಲಾಂಟ್) ಸಡಿಲಾಗಿ ಎಲುಬು ಸವೆದವರಿಗೋ ಗಡ್ಡೆ ತೆಗೆದು ಗುಂಡಿ ಬಿದ್ದವರಿಗೋ ತುಂಬಿಸ್ಲಿಕ್ಕೆ ಆಗ್ತದೆ. 2011ರ ತಿದ್ದುಪಡಿ ಆದ ಮೇಲೆ ಎಲುಬು, ಚರ್ಮ, ಕಣ್ಣಿನ ಕಾರ್ನಿಯಾ ಎಲ್ಲ ಅಂಗಾಂಗ ಕಸಿ ಕಾಯ್ದೆಯ ಒಳಗೇ ಬರ್ತದೆ, ಹಾಗಾಗಿ ರಿಜಿಸ್ಟರು, ಸಹಿ, ಸೀಲು ಯಾವುದಕ್ಕೂ ಕೊರತೆ ಇಲ್ಲ.

ಎಲುಬು ಕೊಡುವವರ ರಕ್ತಕ್ಕೆ ಮಾಡುವ ಟೆಸ್ಟ್ ಅಂದ್ರೆ ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಜೊತೆಗೆ ಸಿಫಿಲಿಸ್. ಲ್ಯಾಬಿನವರು ಅವತ್ತೇ ಕೊಡ್ತಾರೆ. ಅಲ್ಲಿಗೆ ಕೆಲಸ ಮುಗೀತು ಅಂತ ನಾನೂ ಸುರುವಿಗೆ ಅಂದ್ಕೊಂಡಿದ್ದೆ. ಒಂದು ಮಾತ್ರ ಸಿಸ್ಟರ್‌ಗಳಿಗೆ ಈಗಲೂ ಹೇಳಿ ಹೇಳಿ ಸಾಕಾಗಿದೆ, ಸಲೈನ್ ಓಡ್ತಿರುವ ಕೈಯಿಂದ ಬ್ಲಡ್ ತೆಗೀಬೇಡಿ, ಆದಷ್ಟು ಡ್ರಿಪ್ ಹಾಕುವ ಮೊದಲೇ ತೆಗೀರಿ, ರಕ್ತ ತೆಳುವಾದ್ರೆ ಇರುವ ರೋಗವೂ ನೆಗೆಟಿವ್ ಅಂತ ಬರಬಹುದು.

ನಿಜವಾದ ಕಷ್ಟ ಇರುವುದು ವಿಂಡೋ ಪೀರಿಯಡ್‌ನಲ್ಲಿ. ಸೋಂಕು ಒಳಗೆ ಹೋಗಿ ಆಗಿದೆ, ಟೆಸ್ಟಿಗೆ ಇನ್ನೂ ಸಿಗ್ತಿಲ್ಲ. ಎಚ್‌ಸಿವಿಗೆ, ಅಂದ್ರೆ ಹೆಪಟೈಟಿಸ್ ಸಿ ವೈರಸ್ಸಿಗೆ, ಆಂಟಿಬಾಡಿ (ಸೋಂಕಿನ ವಿರುದ್ಧ ದೇಹ ಮಾಡುವ ಪ್ರತಿಕಾಯ) ಕಾಣಿಸ್ಲಿಕ್ಕೆ 8-10 ವಾರ ಆಗ್ತದೆ, ವೈರಸ್ಸಿನ ಜೀನನ್ನೇ ಹುಡುಕುವ ನ್ಯಾಟ್ ಟೆಸ್ಟ್ ಆದ್ರೆ ಒಂದೆರಡು ವಾರದಲ್ಲೇ ಹಿಡೀತದೆ, ಆದ್ರೆ ಅದಕ್ಕೆ ದುಡ್ಡು ಜಾಸ್ತಿ, ನಮ್ಮಲ್ಲಿ ಪ್ರತಿ ದಾನಿಗೂ ಮಾಡ್ಸುವುದಿಲ್ಲ. ಅಮೆರಿಕದಲ್ಲಿ 1985ರಲ್ಲಿ ಒಬ್ಬ ದಾನಿಯ ಆಂಟಿಬಾಡಿ ಟೆಸ್ಟ್ ನೆಗೆಟಿವ್ ಬಂದಿತ್ತು, ಆದ್ರೂ ಅವನ ಅಂಗ ಪಡೆದ ನಾಲ್ಕು ಜನರಿಗೂ, ಸಂಸ್ಕರಿಸದೆ ಫ್ರೀಜ್ ಮಾಡಿದ ಎಲುಬು ಪಡೆದ ಮೂರು ಜನರಿಗೂ ಎಚ್‌ಐವಿ ಬಂತು. ಮಜ್ಜೆ ತೆಗೆದು ಎಥನಾಲಲ್ಲಿ ತೊಳೆದ ಎಲುಬು ಪಡೆದವರಲ್ಲಿ ಟೆಸ್ಟ್ ಆದವರಿಗೆ ಯಾರಿಗೂ ಬರಲಿಲ್ಲ. ಅದಕ್ಕೇ ತೊಳೆಯುವುದನ್ನು ನಾನು ತಮಾಷೆಗೆ ತಗೊಳ್ಳುವುದಿಲ್ಲ. ಗಾಮಾ ಕಿರಣ ಕೊಟ್ರೆ ಆಯ್ತಲ್ಲ ಅಂತ ಒಬ್ಬರು ಡಾಕ್ಟ್ರು ಕೇಳಿದ್ರು, ಸಾಮಾನ್ಯವಾಗಿ ಕೊಡುವ 25 ಕಿಲೋಗ್ರೇ ಪ್ರಮಾಣದ ಕಿರಣ ಬ್ಯಾಕ್ಟೀರಿಯಾಕ್ಕೆ ಸರಿ ಸರ್, ಎಚ್‌ಐವಿಗೆ ಅದೊಂದನ್ನೇ ನಂಬ್ಲಿಕ್ಕಾಗಲ್ಲ ಅಂದೆ.

ಅದಕ್ಕೆ ನಮ್ಮಲ್ಲಿ ಎರಡು ಶೆಲ್ಫ್. ಕೆಂಪು ಟೇಪಿನದ್ದು ಕ್ವಾರಂಟೈನ್, ಎಲುಬು ಅಲ್ಲಿ 180 ದಿನ ಕೂರಬೇಕು, ಆಮೇಲೆ ದಾನಿಯ ರಕ್ತ ಮತ್ತೊಮ್ಮೆ ತೆಗೆದು ನೆಗೆಟಿವ್ ಬಂದ್ರೆ ಮಾತ್ರ ಹಸಿರು ಶೆಲ್ಫಿಗೆ. ಕೇಳ್ಲಿಕ್ಕೆ ಸುಲಭ. ಆರು ತಿಂಗಳ ಮೇಲೆ ದಾನಿ ಬೇಕಲ್ಲ! ಮೊದಲ ವರ್ಷ ಮೂರು ಎಲುಬು ಎಸೀಬೇಕಾಯ್ತು. ಒಬ್ರು ಬೊಂಬಾಯಿಗೆ ಮಗಳ ಮನೆಗೆ ಹೋಗಿದ್ರು, ಇನ್ನೊಬ್ರ ಫೈಲಲ್ಲಿದ್ದ ನಂಬರು ಆಸ್ಪತ್ರೆಗೆ ಕರ್ಕೊಂಡು ಬಂದ ರಿಕ್ಷಾದವರದ್ದು, ಮೂರನೆಯವರು ನಡಿಲಿಕ್ಕೆ ಚೆನ್ನಾಗಿ ಆಗ್ತದೆ, ಇನ್ನೆಂತಕ್ಕೆ ಬರುವುದು ಅಂತ ಬರ್ಲೇ ಇಲ್ಲ. ಅವರದ್ದು ತಪ್ಪಲ್ಲ, ಎಂತಕ್ಕೆ ಬರ್ಬೇಕು ಅಂತ ನಾನು ಸರಿ ಹೇಳಿಯೇ ಇರಲಿಲ್ಲ. ಈಗ ಮೂರು ನಂಬರು ಬರ್ಕೊಳ್ತೇನೆ, ಬಸ್ ಸ್ಟಾಪ್, ಹತ್ತಿರದ ಅಂಗಡಿ ಹೆಸರು ಸಮೇತ, ಮತ್ತೆ ಆರು ತಿಂಗಳ ಎಕ್ಸ್‌ರೇ ದಿನವೇ ರಕ್ತ ತೆಗೆಯುವ ಹಾಗೆ ಡಾಕ್ಟ್ರ ಚೀಟಿಯಲ್ಲೇ ಬರೆಸ್ತೇನೆ.

ಆದ್ರೂ ಕೆಲವು ಸಲ ದಾನಿಯ ಮನೆಗೇ ಹೋಗಲೇಬೇಕಾಗ್ತದೆ. ಒಂದು ಆದಿತ್ಯವಾರ ಐಸ್ ಬಾಕ್ಸ್ ಹಿಡ್ಕೊಂಡು ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿಂದ ಬಸ್ಸು ಹತ್ತಿ ಬಂಟ್ವಾಳದ ಹತ್ತಿರದ ಬಿ.ಸಿ. ರೋಡಿಗೆ ಹೋದೆ. ಅಜ್ಜ ಜಗಲಿಯಲ್ಲಿ ಕೂತಿದ್ರು, ನನ್ನನ್ನು ನೋಡಿ "ನನ್ನ ಎಲುಬು ಇನ್ನೂ ಫ್ರಿಜ್ಜಲ್ಲೇ ಉಂಟಾ?" ಅಂತ ತುಳುವಲ್ಲಿ ಕೇಳಿದ್ರು. ಉಂಟು ಅಜ್ಜ, ನಿಮ್ಮ ರಕ್ತ ಸಿಕ್ಕದೆ ಹೊರಗೆ ಬರುವ ಹಾಗಿಲ್ಲ ಅಂದೆ. ರಕ್ತವೂ ಸಿಕ್ಕಿತು, ಹಲಸಿನ ಹಪ್ಪಳವೂ ಸಿಕ್ಕಿತು.

ಇನ್ನು ದಾನಿಯ ಹತ್ರ ಪ್ರಶ್ನೆ ಕೇಳುವ ವಿಷಯ. ಅಮೆರಿಕದಲ್ಲೇ 1984ರಲ್ಲಿ ಸೊಂಟದ ಆಪರೇಶನ್ ಆದ ಒಬ್ಬನ ಇದೇ ಎಲುಬಿನ ಉಂಡೆಯಿಂದ ಬೆನ್ನಿನ ಆಪರೇಶನ್ ಆದ ಹೆಂಗಸಿಗೆ ಎಚ್‌ಐವಿ ಹೋದದ್ದು 1988ರಲ್ಲಿ ವರದಿಯಾಯ್ತು. ಆಗ ಟೆಸ್ಟೇ ಇರಲಿಲ್ಲ, ಆದ್ರೆ ಅವನಿಗೆ ಡ್ರಗ್ಸ್ ಚುಚ್ಕೊಳ್ಳುವ ಹಿಸ್ಟರಿ ಇತ್ತು. ಅದನ್ನು ಓದಿದ ಮೇಲೆ ನಾನು ಫಾರ್ಮ್ ತುಂಬಿಸಿ ಟಿಕ್ ಹಾಕುವುದು ಬಿಟ್ಟೆ, ಪಕ್ಕದಲ್ಲಿ ಕೂತು ಮಾತಾಡ್ತೇನೆ. ಹೆಪಟೈಟಿಸ್ ಇತ್ತಾ ಅಂದ್ರೆ ಎಲ್ರೂ ಇಲ್ಲ ಅಂತಾರೆ, ಕಾಮಾಲೆಗೆ ಯಾವಾಗಾದ್ರೂ ನೆಲನೆಲ್ಲಿ ಮದ್ದು ಕುಡಿದಿದ್ದೀರಾ ಅಂತ ಕೇಳಿದ್ರೆ ಆಗ ಕತೆ ಹೊರಗೆ ಬರ್ತದೆ. ರಕ್ತ ಹಾಕಿಸಿಕೊಂಡಿದ್ದೀರಾ ಅಂತಲ್ಲ, ಯಾವ ವರ್ಷ ಅಂತ ಕೇಳ್ಬೇಕು, ಯಾಕಂದ್ರೆ ನಮ್ಮ ದೇಶದ ಬ್ಲಡ್ ಬ್ಯಾಂಕಲ್ಲಿ ಹೆಪಟೈಟಿಸ್ ಸಿ ಟೆಸ್ಟ್ ಕಡ್ಡಾಯ ಆದದ್ದೇ 2001ರಲ್ಲಿ, ಹಳೆ ಹೆರಿಗೆಗಳಲ್ಲಿ ರಕ್ತ ಹಾಕಿಸಿಕೊಂಡ ಅಮ್ಮಂದಿರು ಎಷ್ಟೋ ಜನ ಇದ್ದಾರೆ. ಖಾಸಗಿ ಪ್ರಶ್ನೆ ಬರುವಾಗ ಸೊಸೆಯನ್ನೋ ಮಗನನ್ನೋ ಒಂದು ಚಾ ಕುಡಿದು ಬನ್ನಿ ಅಂತ ಕ್ಯಾಂಟೀನಿಗೆ ಕಳಿಸ್ತೇನೆ. 70 ದಾಟಿದವರ ಹತ್ರ ಅದನ್ನೆಲ್ಲ ಕೇಳ್ಲಿಕ್ಕೆ ನನಗೆ ಈಗಲೂ ನಾಚಿಕೆಯೇ, ಅವರಿಗೆ ನನ್ನಷ್ಟು ನಾಚಿಕೆ ಇರುವುದಿಲ್ಲ.

ಒಮ್ಮೆ ಒಬ್ಬರದ್ದು ಮೊದಲು ನೆಗೆಟಿವ್, ಆರು ತಿಂಗಳ ಮೇಲೆ ಎಚ್‌ಸಿವಿ ಪಾಸಿಟಿವ್. ಸೋಂಕು ಎಲುಬು ಕೊಡುವ ಮೊದಲೇ ಇತ್ತಾ, ಆಮೇಲೆ ಬಂದದ್ದಾ, ಗೊತ್ತಾಗ್ಲಿಲ್ಲ, ಗೊತ್ತಾಗ್ಬೇಕು ಅಂತಲೂ ಇಲ್ಲ, ಎಲುಬು ಹಳದಿ ಚೀಲಕ್ಕೆ ಹೋಯ್ತು. ಮನೆಯವರನ್ನು ಹೊರಗೆ ಕೂರಿಸಿ ಡಾಕ್ಟ್ರು ಅವರೊಬ್ಬರಿಗೇ ಹೇಳಿದ್ರು, ಮೂರು ತಿಂಗಳ ಮಾತ್ರೆಯಲ್ಲಿ ಗುಣ ಆಗುವ ಕಾಯಿಲೆ ಈಗ. ಅವರು ಎಲುಬು ಕೊಡದೆ ಇದ್ದಿದ್ರೆ ಆ ಟೆಸ್ಟ್ ಯಾರೂ ಮಾಡಿಸ್ತಿರಲಿಲ್ಲ.

ಇವತ್ತಿಗೆ ಕೆಂಪು ಶೆಲ್ಫಲ್ಲಿ ಎಂಟು ಉಂಟು. ಎರಡಕ್ಕೆ ಮುಂದಿನ ವಾರ 180 ದಿನ, ಕಿನ್ನಿಗೋಳಿಯವರು ಬರ್ತೇನೆ ಅಂದಿದ್ದಾರೆ, ಕಾಪುವಿನವರ ಫೋನು ನಿನ್ನೆಯಿಂದ ಸ್ವಿಚ್ ಆಫ್. ಅವರ ಅಂಗಡಿಯವನ ನಂಬರಿಗೆ ಸಂಜೆ ಮಾಡಿ ನೋಡ್ಬೇಕು.