ಡಿಸೆಂಬರ್ ರಜೆಗೆ ಕ್ಯಾಂಪಸ್ ಖಾಲಿಯಾಗುವ ಮೊದಲು: ಅಮೆರಿಕದಲ್ಲಿರುವ ರಾಯಚೂರು, ಕೊಪ್ಪಳ, ಬಳ್ಳಾರಿ ವಿದ್ಯಾರ್ಥಿಗಳಿಗೆ

ಅಮೆರಿಕದ ಹೆಚ್ಚಿನ ಯೂನಿವರ್ಸಿಟಿಗಳಲ್ಲಿ ಫಾಲ್ ಸೆಮಿಸ್ಟರಿನ ಪರೀಕ್ಷೆ ಡಿಸೆಂಬರ್ ನಡುವಿಗೆ ಮುಗಿಯುತ್ತದೆ. ಮತ್ತೆ ಕ್ಲಾಸು ಶುರುವಾಗುವುದು ಜನವರಿಯಲ್ಲಿ. ನಡುವಿನ ಈ ವಾರಗಳಲ್ಲಿ ಅಲ್ಲಿನ ಮಕ್ಕಳೆಲ್ಲ ತಮ್ಮ ತಮ್ಮ ಮನೆ ಸೇರುತ್ತಾರೆ. ನಮ್ಮವರಿಗೆ ಅದು ಸುಲಭವಲ್ಲ. ಕ್ರಿಸ್‌ಮಸ್ ಹೊತ್ತಿಗೆ ವಿಮಾನದ ಟಿಕೆಟ್ ದರ ಏರಿರುತ್ತದೆ. ಹೊಲದ ಪಹಣಿ ಬ್ಯಾಂಕಿನಲ್ಲಿಟ್ಟು ಸಾಲ ತೆಗೆದ ಮನೆಯ ಮಕ್ಕಳು ಮೂರು ವಾರಕ್ಕಾಗಿ ಅಷ್ಟು ದುಡ್ಡು ಸುರಿಯುವುದಿಲ್ಲ. ಹಾಗಾಗಿ ಸಿಂಧನೂರು, ಗಂಗಾವತಿ, ಸಿರುಗುಪ್ಪ ಕಡೆಯಿಂದ ಹೋದ ಹುಡುಗರು, ಹುಡುಗಿಯರು ಅಲ್ಲೇ ಉಳಿಯುತ್ತಾರೆ.

ಉಳಿಯುವವರಿಗೆ ಬೇಕಾದ ವ್ಯವಸ್ಥೆ ಬಹುತೇಕ ಕ್ಯಾಂಪಸ್‌ಗಳಲ್ಲಿ ಇದ್ದೇ ಇದೆ: ಇರಲು ಜಾಗ, ಊಟಕ್ಕೆ ಕಿರಾಣಿ, ಪ್ರವಾಸ, ಹಬ್ಬದ ಊಟಕ್ಕೆ ಕರೆಯುವ ಮನೆಗಳು, ಮನಸ್ಸು ಕುಗ್ಗಿದರೆ ಮಾತಾಡುವವರು. ಆದರೆ ನಮ್ಮ ಊರಿನಲ್ಲಿ ಓಣಿಯವರು ತಾವೇ ಬಂದು ‘ಊಟ ಆತೇನಪಾ?’ ಎಂದು ವಿಚಾರಿಸುವ ಹಾಗೆ ಅಲ್ಲಿ ಯಾರೂ ಬಂದು ವಿಚಾರಿಸುವುದಿಲ್ಲ. ನೀವು ಹೆಸರು ಬರೆಸಬೇಕು. ಹೆಸರು ಬರೆಸುವ ಗಡುವು ಎಷ್ಟೋ ಕಡೆ ನವೆಂಬರ್‌ನಲ್ಲೇ, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಆಸುಪಾಸಿನಲ್ಲೇ ಮುಗಿದುಹೋಗುತ್ತದೆ. ಡಿಸೆಂಬರ್ 24ರಿಂದ ಜನವರಿ 1ರವರೆಗೆ ಅನೇಕ ಯೂನಿವರ್ಸಿಟಿಗಳ ಆಫೀಸುಗಳು ಪೂರ್ತಿ ಬಾಗಿಲು ಹಾಕುತ್ತವೆ. ಆಗ ಇಮೇಲ್ ಕಳಿಸಿದರೆ ‘ಜನವರಿಯಲ್ಲಿ ಸಿಗುತ್ತೇವೆ’ ಎನ್ನುವ ತಾನಾಗಿ ಬರುವ ಉತ್ತರವಷ್ಟೇ ಸಿಗುತ್ತದೆ. ಅದಕ್ಕೇ ಇದನ್ನು ಅಕ್ಟೋಬರ್, ನವೆಂಬರ್‌ನಲ್ಲೇ ಓದಿಕೊಳ್ಳಿ.

ಮೊದಲು ಇರುವ ಜಾಗದ ಮಾತು. ಕ್ಯಾಂಪಸ್ಸಿನ ಡಾರ್ಮ್‌ನಲ್ಲಿ, ಅಂದರೆ ಹಾಸ್ಟೆಲಿನಲ್ಲಿ, ಇದ್ದರೆ ನಿಮ್ಮ ಕಟ್ಟಡ ರಜೆಯಲ್ಲಿ ತೆರೆದಿರುತ್ತದೆಯೋ ಮುಚ್ಚುತ್ತದೆಯೋ ಎಂದು ಹೌಸಿಂಗ್ ಆಫೀಸನ್ನು ಕೇಳಿ. ಕೆಲವು ಡಾರ್ಮ್‌ಗಳು ಕೊನೆಯ ಪರೀಕ್ಷೆಯ ಮರುದಿನವೇ ಮುಚ್ಚುತ್ತವೆ, ನಿಮ್ಮ ಕಾರ್ಡ್ ತೋರಿಸಿದರೂ ಬಾಗಿಲು ತೆರೆಯುವುದಿಲ್ಲ. ಹಾಗಿದ್ದಲ್ಲಿ ‘ಬ್ರೇಕ್ ಹೌಸಿಂಗ್’ ಎಂಬ ಅರ್ಜಿ ಇರುತ್ತದೆ. ಕೆಲವು ಕಡೆ ಬೇರೆ ಶುಲ್ಕ ಕಟ್ಟಬೇಕು, ಕೆಲವು ಕಡೆ ತಾತ್ಕಾಲಿಕವಾಗಿ ಬೇರೆ ಕಟ್ಟಡಕ್ಕೆ ಹೋಗಬೇಕು. ಮೆಸ್ ಅಂದರೆ ಡೈನಿಂಗ್ ಹಾಲ್ ಸಾಮಾನ್ಯವಾಗಿ ಮುಚ್ಚಿರುತ್ತದೆ, ಮೀಲ್ ಪ್ಲಾನ್ ನಡೆಯುವುದಿಲ್ಲ. ಹೊರಗೆ ಅಪಾರ್ಟ್‌ಮೆಂಟ್‌ನಲ್ಲಿ ನಾಲ್ಕೈದು ಜನ ಸೇರಿ ಇರುವವರಿಗೆ ಈ ತೊಂದರೆ ಇಲ್ಲ, ಆದರೆ ಅವರಿಗೆ ಇನ್ನೊಂದಿದೆ. ಎಲ್ಲರೂ ಪ್ರವಾಸ ಹೋಗುವಾಗ ಕರೆಂಟ್ ಬಿಲ್ ಉಳಿಸಲು ಹೀಟರ್ ಪೂರ್ತಿ ಆಫ್ ಮಾಡಬೇಡಿ. ಗೋಡೆಯೊಳಗಿನ ನೀರಿನ ಪೈಪು ಹೆಪ್ಪುಗಟ್ಟಿ ಒಡೆದರೆ ಕೆಳಗಿನ ಮನೆಗೂ ನೀರು ನುಗ್ಗುತ್ತದೆ, ಖರ್ಚು ನಿಮ್ಮ ತಲೆಗೆ ಬರಬಹುದು. ಥರ್ಮೋಸ್ಟ್ಯಾಟನ್ನು 55 ಡಿಗ್ರಿ ಫ್ಯಾರನ್‌ಹೀಟ್‌ಗಿಂತ, ಅಂದರೆ ಸುಮಾರು 13 ಸೆಲ್ಸಿಯಸ್‌ಗಿಂತ, ಕೆಳಗೆ ಇಳಿಸಬೇಡಿ.

ಊಟದ ವಿಷಯದಲ್ಲಿ ನಮ್ಮ ಮಕ್ಕಳು ಸಂಕೋಚಪಡುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಬಹಳಷ್ಟು ಕ್ಯಾಂಪಸ್‌ಗಳಲ್ಲಿ ‘ಫುಡ್ ಪ್ಯಾಂಟ್ರಿ’ ಇರುತ್ತದೆ. ಅಕ್ಕಿ, ಬೇಳೆಕಾಳು, ಡಬ್ಬಿ ತರಕಾರಿ, ಹಾಲು, ಕೆಲವೊಮ್ಮೆ ಸೋಪು, ಶಾಂಪೂ ಕೂಡ ಪುಕ್ಕಟೆ. ಸಾಮಾನ್ಯವಾಗಿ ಕೇಳುವುದು ಸ್ಟೂಡೆಂಟ್ ಐಡಿ ಒಂದನ್ನೇ. ‘ನಾವೇನು ಗತಿಗೆಟ್ಟವರಾ?’ ಎಂದು ಹಿಂಜರಿಯುವವರಿಗೆ ಒಂದು ಮಾತು: ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ದಾಸೋಹದ ಪಂಕ್ತಿಗೆ ಕೂತಾಗ ಯಾರೂ ನಿಮ್ಮ ಆದಾಯ ಕೇಳುವುದಿಲ್ಲ, ನೀವೂ ನಾಚುವುದಿಲ್ಲ. ಇದೂ ಹಾಗೇ ಅಂದುಕೊಳ್ಳಿ. ಆದರೆ ಸರಕಾರದ ಫುಡ್ ಸ್ಟ್ಯಾಂಪ್, ಅಂದರೆ ಸ್ನ್ಯಾಪ್ ಯೋಜನೆ, ಬೇರೆ. ಅದಕ್ಕೆ ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿರುವವರು ಅರ್ಹರಲ್ಲ, ಯಾರು ಹೇಳಿದರೂ ಅರ್ಜಿ ಹಾಕಬೇಡಿ. ಪ್ಯಾಂಟ್ರಿಯೂ ರಜೆಯಲ್ಲಿ ಕೆಲವು ದಿನ ಮುಚ್ಚುವುದರಿಂದ ಪರೀಕ್ಷೆಯ ವಾರವೇ ಹೋಗಿ ಬೇಕಾದದ್ದು ತಂದಿಟ್ಟುಕೊಳ್ಳಿ.

ಇಂಟರ್‌ನ್ಯಾಷನಲ್ ಸ್ಟೂಡೆಂಟ್ ಆಫೀಸಿನವರು ಕಳಿಸುವ ಇಮೇಲ್‌ಗಳನ್ನು ಓದದೆ ಬಿಡುವ ಅಭ್ಯಾಸ ಅನೇಕರಿಗಿದೆ. ರಜೆಯ ಕಾರ್ಯಕ್ರಮಗಳೆಲ್ಲ ಬರುವುದು ಅದರಲ್ಲೇ. ಹತ್ತಿರದ ದೊಡ್ಡ ಊರಿಗೆ ಬಸ್ಸಿನಲ್ಲಿ ಒಂದು ದಿನದ ಪ್ರವಾಸ, ಐಸ್ ಸ್ಕೇಟಿಂಗ್, ಸಿನಿಮಾ ರಾತ್ರಿ, ಆಟದ ಸಂಜೆ, ಚಳಿಯ ಬಟ್ಟೆ ಪುಕ್ಕಟೆ ಹಂಚುವ ‘ಕೋಟ್ ಡ್ರೈವ್’. ಇವು ಪುಕ್ಕಟೆ ಅಥವಾ ತೀರಾ ಅಗ್ಗ, ಸೀಟು ಮಾತ್ರ ಕಡಿಮೆ. ಊರಿನ ಪಬ್ಲಿಕ್ ಲೈಬ್ರರಿಗೂ ಹೋಗಿ. ವಿಳಾಸದ ಪುರಾವೆ ತೋರಿಸಿದರೆ ಕಾರ್ಡ್ ಕೊಡುತ್ತಾರೆ, ದುಡ್ಡಿಲ್ಲ. ಎಷ್ಟೋ ಲೈಬ್ರರಿಗಳು ಮ್ಯೂಸಿಯಮ್ಮಿನ ಪಾಸನ್ನು ಪುಸ್ತಕದ ಹಾಗೇ ಎರವಲು ಕೊಡುತ್ತವೆ. ಕ್ಯಾಂಪಸ್ ಲೈಬ್ರರಿ ಮುಚ್ಚಿದ ದಿನಗಳಲ್ಲಿ ಬೆಚ್ಚಗೆ ಕೂತು ಓದಲು ಇದಕ್ಕಿಂತ ಒಳ್ಳೆ ಜಾಗ ಇಲ್ಲ.

ಥ್ಯಾಂಕ್ಸ್‌ಗಿವಿಂಗ್, ಕ್ರಿಸ್‌ಮಸ್ ದಿನ ವಿದೇಶಿ ವಿದ್ಯಾರ್ಥಿಗಳನ್ನು ಊಟಕ್ಕೆ ಕರೆಯುವ ಕುಟುಂಬಗಳಿರುತ್ತವೆ. ಯೂನಿವರ್ಸಿಟಿಯ ಮೂಲಕವೇ ಹೆಸರು ಕೊಟ್ಟು ಹೋಗುವುದು ಒಳ್ಳೆಯದು. ಹೋಗಿ ಎಂದೇ ನಾನು ಹೇಳುತ್ತೇನೆ. ಆ ದೇಶದ ಮನೆಯೊಳಗಿನ ಬದುಕು ಕ್ಲಾಸ್‌ರೂಮಿನಲ್ಲಿ ಕಾಣುವುದಿಲ್ಲ. ಆದರೆ ಸಸ್ಯಾಹಾರಿಗಳು ಮೊದಲೇ ಬಿಡಿಸಿ ಹೇಳಬೇಕು. ‘ವೆಜಿಟೇರಿಯನ್’ ಅಂದರೆ ಮೀನು ನಡೆಯುತ್ತದೆ ಅಂದುಕೊಳ್ಳುವವರಿದ್ದಾರೆ. ಆಲೂಗಡ್ಡೆ ಮೇಲೆ ಸುರಿಯುವ ಕಂದು ಬಣ್ಣದ ಗ್ರೇವಿ ಟರ್ಕಿ ಕೋಳಿಯ ರಸದಿಂದ ಮಾಡಿದ್ದು. ಬ್ರೆಡ್ಡಿನ ಸ್ಟಫಿಂಗ್ ಎಷ್ಟೋ ಸಲ ಆ ಕೋಳಿಯ ಹೊಟ್ಟೆಯೊಳಗೇ ಬೆಂದಿರುತ್ತದೆ. ಗೆಣಸಿನ ಮೇಲೆ ಹಾಕುವ ಮಾರ್ಷ್‌ಮ್ಯಾಲೋದಲ್ಲಿ ಪ್ರಾಣಿಯಿಂದ ತೆಗೆದ ಜೆಲಟಿನ್ ಇರುತ್ತದೆ, ಹಳೆ ಪದ್ಧತಿಯ ಪೈ ಹಿಟ್ಟಿಗೆ ಹಂದಿ ಕೊಬ್ಬೂ ಸೇರಿರಬಹುದು. ‘ಮಾಂಸ, ಮೀನು, ಮೊಟ್ಟೆ, ಕೋಳಿ ಸಾರು ಯಾವುದೂ ಬೇಡ, ನಾನೇ ಒಂದು ಪದಾರ್ಥ ಮಾಡಿ ತರುತ್ತೇನೆ’ ಎಂದು ಮೊದಲೇ ಬರೆದರೆ ಅವರಿಗೂ ನಿರಾಳ. ಮಂಡಕ್ಕಿ ಒಗ್ಗರಣೆ ಒಯ್ಯಿರಿ, ಖಾರ ಮಾತ್ರ ಕಡಿಮೆ ಹಾಕಿ. ಊರಿನಿಂದ ಬರುವಾಗ ಕಿನ್ನಾಳದ ಸಣ್ಣ ಗೊಂಬೆ ಎರಡು ಮೂರು ಸೂಟ್‌ಕೇಸಿನಲ್ಲಿ ಇಟ್ಟುಕೊಂಡು ಬಂದವರಿಗೆ ಕೊಡುವ ಉಡುಗೊರೆಯ ಚಿಂತೆಯೂ ಇಲ್ಲ. ಕರೆಯುವವರಲ್ಲಿ ಚರ್ಚಿನ ಗುಂಪುಗಳೂ ಇರುತ್ತವೆ. ಊಟಕ್ಕೆ ಹೋದ ಮಾತ್ರಕ್ಕೆ ಪ್ರಾರ್ಥನೆಗೆ ಕೂರಲೇಬೇಕೆಂದಿಲ್ಲ. ಮನಸ್ಸಿಲ್ಲದಿದ್ದರೆ ‘ಥ್ಯಾಂಕ್ ಯೂ, ಬೇಡ’ ಎಂದರೆ ಅಲ್ಲಿ ಯಾರೂ ಸಿಟ್ಟಾಗುವುದಿಲ್ಲ.

ಈಗ ಕೆಲಸ. ಎಫ್-1 ವೀಸಾದವರು ಸೆಮಿಸ್ಟರ್ ನಡೆಯುವಾಗ ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆ ಮೀರಿ ದುಡಿಯುವಂತಿಲ್ಲ. ಅಧಿಕೃತ ರಜೆಯಲ್ಲಿ, ಮುಂದಿನ ಸೆಮಿಸ್ಟರಿಗೆ ಓದು ಮುಂದುವರಿಸುವವರು, ಕ್ಯಾಂಪಸ್ಸಿನಲ್ಲೇ ಪೂರ್ಣಾವಧಿ ಕೆಲಸ ಮಾಡಬಹುದು. ಲ್ಯಾಬ್, ಹಾಸ್ಟೆಲ್ ಡೆಸ್ಕ್, ಫೆಸಿಲಿಟೀಸ್ ವಿಭಾಗಗಳಲ್ಲಿ ಆ ಹೊತ್ತಿಗೆ ಕೈ ಕಡಿಮೆ ಇರುತ್ತದೆ, ನವೆಂಬರ್‌ನಲ್ಲೇ ಕೇಳಿಡಿ. ಡಿಸೆಂಬರ್‌ನಲ್ಲೇ ಡಿಗ್ರಿ ಮುಗಿಯುವವರಿಗೆ ಈ ಅವಕಾಶ ಇಲ್ಲ. ಐ-20ರಲ್ಲಿ, ಅಂದರೆ ವಿದ್ಯಾರ್ಥಿ ವೀಸಾಕ್ಕಾಗಿ ಯೂನಿವರ್ಸಿಟಿ ಕೊಡುವ ಪತ್ರದಲ್ಲಿ, ಇರುವ ಮುಕ್ತಾಯದ ದಿನಾಂಕ ದಾಟಿದ ಮೇಲೆ ಕ್ಯಾಂಪಸ್ ಕೆಲಸವೂ ನಿಲ್ಲಬೇಕು. ಅಂಥವರು ಒಪಿಟಿ, ಅಂದರೆ ಓದು ಮುಗಿದ ಮೇಲೆ ಕೆಲಸ ಮಾಡಲು ಸಿಗುವ ಅನುಮತಿ, ಇದರ ಅರ್ಜಿಯನ್ನು ಆ ದಿನಾಂಕಕ್ಕೆ 90 ದಿನ ಮೊದಲಿನಿಂದ 60 ದಿನ ನಂತರದವರೆಗೆ ಹಾಕಬಹುದು. ಅದಕ್ಕೆ ಬೇಕಾದ ಹೊಸ ಐ-20 ಕೊಡುವ ಆಫೀಸೇ ರಜೆಯಲ್ಲಿ ಮುಚ್ಚಿರುತ್ತದೆ ಎಂಬುದನ್ನು ಲೆಕ್ಕದಲ್ಲಿಡಿ.

ಕ್ಯಾಂಪಸ್ಸಿನ ಹೊರಗೆ, ಪೆಟ್ರೋಲ್ ಬಂಕಿನಲ್ಲೋ ಹೋಟೆಲಿನಲ್ಲೋ, ‘ಕೈಯಲ್ಲಿ ಕ್ಯಾಶ್ ಕೊಡ್ತೀವಿ, ಯಾರಿಗೂ ಗೊತ್ತಾಗಲ್ಲ’ ಎನ್ನುವವರು ರಜೆಯಲ್ಲೇ ಹೆಚ್ಚು ಸಿಗುತ್ತಾರೆ. ಅದರಲ್ಲಿ ನಮ್ಮ ಭಾಷೆಯವರೂ ಇರಬಹುದು. ಅನುಮತಿಯಿಲ್ಲದ ಒಂದು ದಿನದ ಕೆಲಸಕ್ಕೂ ವಿದ್ಯಾರ್ಥಿ ಸ್ಟೇಟಸ್ ಹೋಗುತ್ತದೆ. ಸಾಲದ ಕಂತು ಎದುರಿಗಿದ್ದಾಗ ಆ ನೂರಿನ್ನೂರು ಡಾಲರ್ ಎಷ್ಟು ಸೆಳೆಯುತ್ತದೆ ಎಂದು ನನಗೆ ಗೊತ್ತು, ಆದರೂ ಬೇಡ.

ಊರಿಗೆ ಬರಲೇಬೇಕಾದವರು ಡಿಸೆಂಬರ್ ಮೊದಲ ವಾರದೊಳಗೆ ಐ-20 ಮೇಲೆ ಡಿಎಸ್ಒ, ಅಂದರೆ ಯೂನಿವರ್ಸಿಟಿಯಲ್ಲಿ ವಿದೇಶಿ ವಿದ್ಯಾರ್ಥಿಗಳ ಕಾಗದಪತ್ರ ನೋಡುವ ಅಧಿಕಾರಿ, ಅವರ ಟ್ರಾವೆಲ್ ಸಹಿ ಇದೆಯೇ ನೋಡಿ. ಓದುತ್ತಿರುವವರಿಗೆ ಅದು ಒಂದು ವರ್ಷ ನಡೆಯುತ್ತದೆ, ಒಪಿಟಿಯಲ್ಲಿದ್ದವರಿಗೆ ಆರೇ ತಿಂಗಳು. ಪಾಸ್‌ಪೋರ್ಟಿನಲ್ಲಿರುವ ವೀಸಾ ಸ್ಟಾಂಪ್ ಮುಗಿದಿದ್ದರೆ ಅಮೆರಿಕದೊಳಗೆ ಓದಲು ಅಡ್ಡಿ ಇಲ್ಲ, ಆದರೆ ಹೊರಗೆ ಬಂದರೆ ಹೊಸ ಸ್ಟಾಂಪ್ ಇಲ್ಲದೆ ಒಳಗೆ ಹೋಗುವಂತಿಲ್ಲ. ಅದಕ್ಕೆ ಹೈದರಾಬಾದಿನಲ್ಲೋ ಚೆನ್ನೈನಲ್ಲೋ ಇಂಟರ್‌ವ್ಯೂ ಸ್ಲಾಟ್ ಮೊದಲೇ ಕೈಯಲ್ಲಿಲ್ಲದೆ ವಿಮಾನ ಹತ್ತಬೇಡಿ.

ಚಳಿ. ರಾಯಚೂರಿನ ಬಿಸಿಲಿಗೆ ಒಗ್ಗಿದ ಮೈಗೆ ಮಿನಿಯಾಪೊಲಿಸ್ ಅಥವಾ ಬಫಲೋದ ಜನವರಿ ತೀರಾ ಹೊಸದು. ಒಂದೇ ದಪ್ಪ ಜಾಕೆಟ್ಟಿಗಿಂತ ಮೂರು ಪದರ ಒಳ್ಳೆಯದು: ಮೈಗೆ ಅಂಟುವ ಥರ್ಮಲ್, ಅದರ ಮೇಲೆ ಉಣ್ಣೆ ಅಥವಾ ಫ್ಲೀಸ್, ಹೊರಗೆ ಗಾಳಿ ತಡೆಯುವ ಕೋಟು. ಹತ್ತಿ ಬನಿಯನ್ ಬೆವರಿಗೆ ಒದ್ದೆಯಾಗಿ ಇನ್ನಷ್ಟು ತಣ್ಣಗಾಗುತ್ತದೆ. ಹವಾಮಾನದ ಆ್ಯಪ್‌ನಲ್ಲಿ ‘ವಿಂಡ್ ಚಿಲ್’, ಅಂದರೆ ಗಾಳಿ ಸೇರಿ ಮೈಗೆ ತಟ್ಟುವ ಚಳಿಯ, ಅಂಕಿ ನೋಡಿಯೇ ಹೊರಡಿ. ಬೂಟು ಹಿಡಿತ ಇರುವಂಥದ್ದು ಬೇಕು. ಹಿಮಕ್ಕಿಂತ ಅಪಾಯಕಾರಿ ಎಂದರೆ ಕಣ್ಣಿಗೆ ಕಾಣದ ತೆಳು ಐಸ್ ಪದರ. ಮೆಟ್ಟಿಲ ಅಂಚಿನಲ್ಲಿ, ಬಸ್‌ಸ್ಟಾಪಿನ ಹತ್ತಿರ ಒದ್ದೆ ಡಾಂಬರಿನ ಹಾಗೆ ಹೊಳೆಯುತ್ತಿರುತ್ತದೆ. ಜೇಬಿನಿಂದ ಕೈ ಹೊರಗಿಟ್ಟು, ಪಾದ ಪೂರ್ತಿ ಊರಿ, ಸಣ್ಣ ಸಣ್ಣ ಹೆಜ್ಜೆ ಹಾಕಿ. ಬಿದ್ದು ಕೈ ಮುರಿದರೆ ಎಲ್ಲಿ ಹೋಗಬೇಕೆಂದೂ ತಿಳಿದಿರಿ: ಜೀವಕ್ಕೆ ಅಪಾಯವಿದ್ದರೆ 911ಕ್ಕೆ ಫೋನ್, ಇಲ್ಲದಿದ್ದರೆ ನಿಮ್ಮ ಇನ್ಶೂರೆನ್ಸ್ ನೆಟ್‌ವರ್ಕಿನೊಳಗಿನ ಅರ್ಜೆಂಟ್ ಕೇರ್ ಕ್ಲಿನಿಕ್. ಎಮರ್ಜೆನ್ಸಿ ರೂಮಿನ ಬಿಲ್ಲು ಅದರ ಹಲವು ಪಟ್ಟು ಬರುತ್ತದೆ.

ಮನಸ್ಸಿನ ವಿಷಯ ಇದಕ್ಕಿಂತ ದೊಡ್ಡದು. ಬಾಸ್ಟನ್, ಶಿಕಾಗೋಗಳಲ್ಲಿ ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂಕಾಲು, ನಾಲ್ಕೂವರೆಗೆ ಸೂರ್ಯ ಮುಳುಗುತ್ತಾನೆ. ಕ್ಲಾಸಿಲ್ಲ, ರೂಮ್‌ಮೇಟ್ ಇಲ್ಲ, ರಸ್ತೆಯಲ್ಲಿ ಜನವಿಲ್ಲ. ಹಗಲೆಲ್ಲ ನಿದ್ದೆ, ರಾತ್ರಿಯೆಲ್ಲ ಎಚ್ಚರ ಆಗಿಬಿಡುತ್ತದೆ. ಬೆಳಕಿದ್ದಾಗ ದಿನಕ್ಕೊಮ್ಮೆ ಹೊರಗೆ ನಡೆದು ಬನ್ನಿ. ಕೌನ್ಸೆಲಿಂಗ್ ಸೆಂಟರ್ ಮುಚ್ಚಿದ್ದರೂ ಅನೇಕ ಯೂನಿವರ್ಸಿಟಿಗಳ 24 ಗಂಟೆಯ ಫೋನ್ ಲೈನ್ ಇರುತ್ತದೆ, ನಂಬರ್ ಮೊದಲೇ ಸೇವ್ ಮಾಡಿಕೊಳ್ಳಿ. ಬದುಕೇ ಬೇಡ ಎನಿಸುವಷ್ಟು ಕಷ್ಟವಾದರೆ 988ಕ್ಕೆ ಕರೆ ಅಥವಾ ಮೆಸೇಜ್ ಮಾಡಿ. 2022ರಿಂದ ಇದು ದೇಶದಾದ್ಯಂತ ಹಗಲುರಾತ್ರಿ ನಡೆಯುತ್ತಿದೆ, ದುಡ್ಡಿಲ್ಲ. ಊರಲ್ಲಿರುವ ತಂದೆತಾಯಿಗೂ ಒಂದು ಮಾತು: ಅಲ್ಲಿನ ಪೂರ್ವ ಭಾಗ ಚಳಿಗಾಲದಲ್ಲಿ ನಮಗಿಂತ ಹತ್ತೂವರೆ ಗಂಟೆ ಹಿಂದೆ. ನಮ್ಮ ಬೆಳಗಿನ ಎಂಟಕ್ಕೆ ಅವರಿಗೆ ಹಿಂದಿನ ರಾತ್ರಿ ಒಂಬತ್ತೂವರೆ, ಅದು ಮಾತಿಗೆ ಒಳ್ಳೆ ಹೊತ್ತು. ‘ಏನ್ ಉಂಡಿ?’ ಎಂದು ಕೇಳಿದ ಮೇಲೆ ‘ಇವತ್ತು ಯಾರ ಜತೆ ಮಾತಾಡಿದಿ?’ ಎಂದೂ ಕೇಳಿ.

ನಮ್ಮ ಹಬ್ಬಗಳೂ ಇದೇ ರಜೆಯ ಆಸುಪಾಸಿನಲ್ಲಿ ಬರುತ್ತವೆ. ಎಳ್ಳ ಅಮಾಸಿಗೆ ಚರಗ ಚೆಲ್ಲಲು ಹೊಲ ಇಲ್ಲದಿದ್ದರೂ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ ಮಾಡಿಕೊಂಡು ನಾಲ್ಕು ಜನ ಕೂತು ಉಣ್ಣಬಹುದು. ಇಂಡಿಯನ್ ಅಂಗಡಿಯಲ್ಲಿ ಸಜ್ಜಿ ಹಿಟ್ಟು, ಜೋಳದ ಹಿಟ್ಟು ಎರಡೂ ಸಿಗುತ್ತವೆ. ಸಂಕ್ರಾಂತಿಗೆ ಅನೇಕ ಊರುಗಳ ಕನ್ನಡ ಕೂಟಗಳು ಕಾರ್ಯಕ್ರಮ ಇಡುತ್ತವೆ. ಮೊದಲೇ ಒಂದು ಮೆಸೇಜ್ ಹಾಕಿ ‘ನಾನು ವಿದ್ಯಾರ್ಥಿ, ಕಾರಿಲ್ಲ’ ಎಂದರೆ ಯಾರಾದರೂ ಕರೆದೊಯ್ಯಲು ಬರುತ್ತಾರೆ. ಡಾರ್ಮ್ ಅಡುಗೆಮನೆಯಲ್ಲಿ ಬ್ಯಾಡಗಿ ಮೆಣಸಿನಕಾಯಿ ಒಗ್ಗರಣೆ ಹಾಕುವ ಮೊದಲು ಎಕ್ಸಾಸ್ಟ್ ಫ್ಯಾನ್ ಹಾಕಿ, ಕಿಟಕಿ ತೆರೆಯಿರಿ. ಹೊಗೆಗೆ ಅಲಾರಂ ಹೊಡೆದರೆ ಇಡೀ ಕಟ್ಟಡ ಚಳಿಯಲ್ಲಿ ಹೊರಗೆ ನಿಲ್ಲಬೇಕಾಗುತ್ತದೆ, ಅಗ್ನಿಶಾಮಕದವರೂ ಬರುತ್ತಾರೆ. ಅದಕ್ಕೆಂದು ಅಲಾರಮ್ಮಿಗೆ ಪ್ಲಾಸ್ಟಿಕ್ ಕಟ್ಟಿದರೆ ದಂಡ ಬೀಳುತ್ತದೆ. ಡಾರ್ಮ್ ಕೋಣೆಯಲ್ಲಿ ದೀಪ, ಮೇಣದಬತ್ತಿ ಹಚ್ಚಲು ಸಾಮಾನ್ಯವಾಗಿ ಬಿಡುವುದಿಲ್ಲ, ಬ್ಯಾಟರಿ ದೀಪ ಇಟ್ಟು ಪೂಜೆ ಮಾಡಿಕೊಳ್ಳಿ.