ಹೆಸರು ಬಿಟ್ಟು ಅಂಕಿ ಹಿಡಿದೆ: ಪಷ್ತೋ ಧ್ವನಿ ವಿಂಗಡಿಸಿದ ನನ್ನ ಅನುಭವ

ನಾಲ್ಕು, ಐದು, ಆರು. ಪಠಾಣರ ಮಾತಾದ ಪಷ್ತೋದಲ್ಲಿ ಈ ಮೂರು ಅಂಕಿ ಕಿವಿಗೆ ಬಿದ್ದರೆ ಮಾತಾಡುತ್ತಿರುವವರು ಪೇಶಾವರದ ಕಡೆಯವರೋ ಕಂದಹಾರದವರೋ ಕ್ವೆಟ್ಟಾದವರೋ ಎಂದು ಹೇಳಬಲ್ಲೆ. "ಕನ್ನಡದವರಿಗೆ ಪಠಾಣರ ಮಾತಿನ ಒಳಭೇದ ಹೇಗೆ ತಿಳಿದೀತು" ಎನ್ನುತ್ತಿದ್ದ ಜೊತೆಗಾರರೇ ಈಗ ಅನುಮಾನದ ಆಡಿಯೋ ಫೈಲುಗಳನ್ನೆಲ್ಲ ನನಗೆ ತಳ್ಳುತ್ತಾರೆ. ದುಬೈಯಲ್ಲಿ ಏಳೆಂಟು ವರ್ಷ ಪಠಾಣ ಡ್ರೈವರುಗಳ ಜೊತೆ ದುಡಿದು ಕಲಿತ ಪಷ್ತೋ ನನ್ನದು.

ನಮ್ಮ ಕೆಲಸ ಇಷ್ಟೇ: ಪಷ್ತೋ ಆಡಿಯೋ ಕೇಳಿ, ಅದು ಯಾವ ಕಡೆಯ ಉಪಭಾಷೆ ಎಂದು ಲೇಬಲ್ ಹಚ್ಚುವುದು. ಶುರುವಿನಲ್ಲಿ ಗಂಟೆಯ ಆಡಿಯೋಗೆ ಸುಮಾರು 900 ರೂಪಾಯಿ, ಲೇಬಲ್ ತಪ್ಪೆಂದು ವಾಪಸ್ ಬಂದರೆ ಬಿಡಿಗಾಸೂ ಇಲ್ಲ. ನಮಗೆ ಕೊಟ್ಟ ಪಟ್ಟಿ ಕುಲದ ಹೆಸರಿನ ಮೇಲೆ ನಿಂತಿತ್ತು. ಯೂಸುಫ್‌ಝೈ ಅಂದರೆ ಸ್ವಾತ್, ಅಚಕ್‌ಝೈ ಅಂದರೆ ಚಮನ್, ಪೋಪಲ್‌ಝೈ ಅಂದರೆ ಕಂದಹಾರ. ಹಾಳೆಯ ಮೇಲೆ ಬಲು ಚೆಂದ. ಆದರೆ ಕರಾಚಿಯಲ್ಲಿ ಬೆಳೆದ ಯೂಸುಫ್‌ಝೈಗೆ ಏನು ಮಾಡುವುದು? ಖಟಕ ಕುಲದವರು ಕರಕ್‌ನಲ್ಲೂ ಇದ್ದಾರೆ, ಅಕೋಡಾದಲ್ಲೂ ಇದ್ದಾರೆ, ಎರಡೂ ಕಡೆಯ ಉಚ್ಚಾರ ಬೇರೆ. "ಅಫ್ಘಾನ್" ಎಂದು ಬರೆದಿದ್ದ ಫೈಲು ತೆರೆದರೆ ಒಳಗೆ ದರಿ ಮಾತು, ಅಂದರೆ ಅಲ್ಲಿನ ಪಾರ್ಸಿ! ಹಿಂದೆ ಆ ಹೆಸರು ಪಷ್ತೂನರಿಗೇ, ಅಂದರೆ ಪಠಾಣರಿಗೇ ಮೀಸಲಾಗಿತ್ತು, ಈಗ ಅಲ್ಲಿನ ತಾಜಿಕರೂ ಹಜಾರಾಗಳೂ ಪಾಸ್‌ಪೋರ್ಟಿನಲ್ಲಿ ಅಫ್ಘಾನರೇ. ಪಠಾಣ್ ಎಂಬ ಹೆಸರಂತೂ ಇನ್ನೂ ದೂರ ಬಂದಿದೆ. ನಮ್ಮ ಸವಣೂರಿನ ನವಾಬರು ಮಿಯಾನಾ ಪಠಾಣರು. ಉತ್ತರ ಕರ್ನಾಟಕದಲ್ಲಿ ಇಂದು ಆ ಅಡ್ಡಹೆಸರಿನವರ ಮನೆಮಾತು ದಖನಿ. ಈ ಪಟ್ಟಿಯ ದೆಸೆಯಿಂದ ಮೊದಲ ಎರಡು ಮೂರು ತಿಂಗಳಲ್ಲಿ ಹತ್ತು ಹನ್ನೆರಡು ಸಾವಿರ ಕೈಬಿಟ್ಟಿತು.

ಲಿಖಿತ ಪಠ್ಯ ನೋಡಿದರೂ ಪ್ರಯೋಜನವಿಲ್ಲ. ಪಷ್ತೋ ಲಿಪಿಯಲ್ಲಿ ಒಂದೇ ಅಕ್ಷರವನ್ನು ಕಂದಹಾರದವರು ನಾಲಿಗೆ ಮಡಚಿ "ಷ" ಎನ್ನುತ್ತಾರೆ, ಕ್ವೆಟ್ಟಾದವರು "ಶ", ಪೇಶಾವರದವರು ಗಂಟಲಿನಿಂದ "ಖ". ಅದಕ್ಕೇ ಒಬ್ಬರಿಗೆ ಪಷ್ತೋ, ಇನ್ನೊಬ್ಬರಿಗೆ ಪಖ್ತೋ. ಶಾಲೆಯಲ್ಲಿ ಶ-ಷ ತಿದ್ದಿಸಿಕೊಂಡ ಕಿವಿ ನನಗೆ ಇಲ್ಲಿ ಒದಗಿತು.

ಅಂಕಿಗೆ ಬಂದದ್ದು ಹೀಗೆ. ಡ್ರೈವರುಗಳು ಬಾಡಿಗೆ ಲೆಕ್ಕ ಹಾಕುವಾಗ ನಾಲ್ಕಕ್ಕೆ ಕೆಲವರು "ತ್ಸಲೋರ್", ಕೆಲವರು "ಸಲೋರ್" ಎನ್ನುತ್ತಿದ್ದದ್ದು ನೆನಪಿತ್ತು. ಐದು ಕಂದಹಾರದಲ್ಲಿ "ಪಿಂದ್ಜ಼", ಪೇಶಾವರದಲ್ಲಿ "ಪಿಂಜ಼". ಆರೇ ನಿರ್ಣಾಯಕ: ಪೇಶಾವರದವರು "ಶ್ಪಗ್" ಎಂದು ಗಟ್ಟಿಯಾಗಿ ಮುಗಿಸುತ್ತಾರೆ, ಕ್ವೆಟ್ಟಾದವರು "ಶ್ಪಝ್", ಕಂದಹಾರದವರದು ಅದೇ ಝ, ನಾಲಿಗೆ ಮಡಚಿದ್ದು. ಜನ ರೇಡಿಯೋ ಭಾಷೆಗೆ ಎಷ್ಟೇ ಹೊಂದಿಕೊಂಡರೂ ದುಡ್ಡು ಎಣಿಸುವಾಗ ಊರಿನ ಬಾಯಿ ಬರುತ್ತದೆ. ಹಾಗಾಗಿ ಫೈಲಿನಲ್ಲಿ ಬೆಲೆ, ವಯಸ್ಸು, ಕುರಿ ಲೆಕ್ಕ ಬರುವ ಜಾಗವನ್ನೇ ಮೊದಲು ಹುಡುಕುತ್ತೇನೆ. ಫೋನ್ ನಂಬರು ಬೇಡ, ಅದನ್ನು ಉರ್ದುವಿನಲ್ಲೋ ಇಂಗ್ಲಿಷಿನಲ್ಲೋ ಹೇಳಿಬಿಡುತ್ತಾರೆ.

ವಜೀರಿಸ್ತಾನದ ವಜೀರಿಗಳ ಆರು ಕ್ವೆಟ್ಟಾದ ಆರಿನಂತೆಯೇ ಕೇಳುತ್ತದೆ. ಅಲ್ಲಿ ಅಪ್ಪ-ಅಮ್ಮನನ್ನು ಹಿಡಿಯಬೇಕು: ಉಳಿದವರ "ಮೋರ್" (ತಾಯಿ) ಅವರಲ್ಲಿ "ಮೇರ್", "ಪ್ಲಾರ್" (ತಂದೆ) "ಪ್ಲೋರ್". ಅಫ್ರೀದಿ ಕುಲದವರನ್ನು ಬೇರ್ಪಡಿಸಲು ಇನ್ನೊಂದು ಪದ ಇಟ್ಟುಕೊಂಡಿದ್ದೇನೆ, ಅದು ನನ್ನ ಅನ್ನ, ಇಲ್ಲಿ ಬರೆಯುವುದಿಲ್ಲ.

ನಡುವೆ ಪಠಾಣರ ಮೂಲದ ಬೆನ್ನು ಹತ್ತಿ ಒಂದಷ್ಟು ರಾತ್ರಿ ಕಳೆದೆ. ಕೇಳಿದವರೆಲ್ಲ ಮೂಲಪುರುಷ ಕೈಸ್ ಅಬ್ದುರ್ ರಶೀದನ ವಂಶ ಹೇಳುತ್ತಾರೆ, ಅವನ ಮಕ್ಕಳ ಸಾಲುಗಳು: ಸರಬನ್, ಬೆಟ್ಟನ್, ಘುರ್ಘುಷ್ತ್, ಜೊತೆಗೆ ಸಾಕುಮಗನ ಸಾಲಿನ ಕರ್ಲಾನ್. ಬನೀ ಇಸ್ರಾಯೀಲ್, ಅಂದರೆ ಯಹೂದಿ ಮೂಲದವರೆಗೆ ಎಳೆಯುವ ಆ ವಂಶಾವಳಿ ಜಹಾಂಗೀರನ ಕಾಲದಲ್ಲಿ, ಅವನ ಸರದಾರ ಖಾನ್ ಜಹಾನ್ ಲೋದಿಯ ಆಶ್ರಯದಲ್ಲಿ ಬರಹಕ್ಕೆ ಇಳಿದದ್ದು. ಭಾಷೆ ಮಾತ್ರ ಪೂರ್ವ ಇರಾನಿ ಗುಂಪಿನದು, ಹೀಬ್ರೂ ಕಡೆಯದಲ್ಲ. ನನಗೆ ಹೆಚ್ಚು ಹಿಡಿಸಿದ್ದು ಆರನೇ ಶತಮಾನದ ವರಾಹಮಿಹಿರನ "ಅವಗಾಣ", ಅಫ್ಘಾನ್ ಎಂಬ ಹೆಸರಿನ ಹಳೆಯ ರೂಪ. ವಂಶದ ಆ ನಾಲ್ಕು ಸಾಲನ್ನೂ ಲೇಬಲ್ಲಿಗೆ ಹೊಂದಿಸಿ ನೋಡಿದೆ. ವಜೀರ್, ಮೆಹ್ಸೂದರು ಇರುವ ಕರ್ಲಾನ್ ಸಾಲು ಸ್ವಲ್ಪ ಕೂಡಿತು. ಸರಬನ್ ಸಾಲು ಒಡೆದೇ ಹೋಯಿತು: ಪೋಪಲ್‌ಝೈ, ಯೂಸುಫ್‌ಝೈ ಇಬ್ಬರೂ ಅದರಲ್ಲೇ ಬರುತ್ತಾರೆ, ಒಬ್ಬರು ಷ, ಒಬ್ಬರು ಖ.

ಈಗ ನೂರರಲ್ಲಿ ನಾಲ್ಕೈದು ಫೈಲು ವಾಪಸ್ ಬಂದರೆ ಹೆಚ್ಚು, ದರವೂ 1,400ರ ಆಸುಪಾಸಿಗೆ ಏರಿದೆ. ಬಲೂಚಿಸ್ತಾನದ ಹರ್ನಾಯಿ ಕಡೆಯ ವಣೇಚಿ ಮಾತ್ರ ಈ ಅಂಕಿಗಳಿಗೆ ಬಗ್ಗುವುದಿಲ್ಲ, ಉಳಿದ ಪಷ್ತೋದಿಂದ ಅಷ್ಟು ದೂರ ಸರಿದ ಮಾತು ಅದು. ಆ ಫೈಲುಗಳಿಗೆ ಬೇರೆಯೇ ದರ ಕೇಳಿದ್ದೇನೆ.